ಎಸ್ಸೆಸ್ಸೆಲ್ಸಿ ಅಂಕ ಎಲ್ಲಿಯವರೆಗೆ ಬರುತ್ತದೆ?



“ಮಾರ್ಕ್ಸ್ ತಗೊಂಡು ಏನ್ ಮಾಡ್ತೀಯ? ಕೆಲಸ ಸಿಕ್ಕಿದ ಮೇಲೆ ಯಾರೂ ಕೇಳಲ್ಲ” ಎನ್ನುವವರು ನಮ್ಮೂರಲ್ಲಿದ್ದಾರೆ. “ಮಾರ್ಕ್ಸ್ ಇಲ್ದಿದ್ರೆ ಮುಗೀತು” ಎಂದು ಹೆದರಿಸುವವರೂ ಇದ್ದಾರೆ. ಎರಡೂ ಪೂರ್ತಿ ನಿಜವಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲು ಅಂಕವೇ ಕೆಲಸ ಕೊಡಿಸುವ ಕಡೆ ನೋಡೋಣ. ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ್ ಹುದ್ದೆಗೆ ಬೇರೆ ಪರೀಕ್ಷೆ ಇಲ್ಲ, ಸಂದರ್ಶನವೂ ಇಲ್ಲ. ಹತ್ತನೇ ತರಗತಿಯ ಅಂಕ ನೋಡಿಯೇ ಆಯ್ಕೆ. ಶೇಕಡಾ ಲೆಕ್ಕವನ್ನು ದಶಮಾಂಶದ 4 ಸ್ಥಾನದವರೆಗೆ ಮಾಡುತ್ತಾರೆ. ಅಂದರೆ ಒಂದೇ ಅಂಕ ಕಡಿಮೆಯಾದರೂ ಹೆಸರು ಕೆಳಗೆ ಹೋಗಬಹುದು. ಪಾಲಿಟೆಕ್ನಿಕ್ ಸೀಟಿಗೂ ಈ ಅಂಕವೇ ಬೇಕು.

ಆಮೇಲೆ ಇದರ ಜೋರು ಕಡಿಮೆಯಾಗುತ್ತದೆ. ದ್ವಿತೀಯ ದರ್ಜೆ ಸಹಾಯಕರಾಗಲು ಪಿಯುಸಿ ಪಾಸಾಗಿ ಸ್ಪರ್ಧಾತ್ಮಕ ಪರೀಕ್ಷೆ ಬರೆಯಬೇಕು. ಗ್ರಾಮ ಲೆಕ್ಕಿಗರನ್ನು ಹಿಂದೆ ಪಿಯುಸಿ ಅಂಕದ ಮೇಲೆ ತೆಗೆದುಕೊಳ್ಳುತ್ತಿದ್ದರು. ಈಗ ಅವರಿಗೆ ಗ್ರಾಮ ಆಡಳಿತ ಅಧಿಕಾರಿ ಎಂದು ಹೆಸರು. 2024ರಲ್ಲಿ ಆ ಹುದ್ದೆಗೂ ಪರೀಕ್ಷೆ ನಡೆಸಿದರು.

ನಮ್ಮ ಕಾಫಿಯನ್ನೇ ನೋಡಿ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೀಜವನ್ನು ಜರಡಿ ಹಿಡಿದು, ಗಾತ್ರದ ಮೇಲೆ ಎಎ, ಎ, ಬಿ, ಸಿ ಎಂದು ಬೇರೆ ಮಾಡುತ್ತಾರೆ. ದಪ್ಪ ಬೀಜಕ್ಕೆ ಬೆಲೆ ಹೆಚ್ಚು. ಆದರೆ ರುಚಿ ಎಂಥದ್ದು ಅಂತ ಜರಡಿಗೆ ಗೊತ್ತಾಗಲ್ಲ. ಹುರಿದು, ಪುಡಿ ಮಾಡಿ, ಕುಡಿದೇ ನೋಡಬೇಕು. ಅಂಕವೂ ಒಂದು ಜರಡಿ.

ಅಂಕ ಬೇಡ ಎನ್ನುವವರು ನಮ್ಮ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರ ಹೆಸರು ಹೇಳುತ್ತಾರೆ. ಅವರು ಓದಿದ್ದು ಕನ್ನಡ ಎಂ.ಎ., ಮಾಡಿದ್ದು ಕೃಷಿ, ಬರೆದದ್ದು ಹಕ್ಕಿ, ಹುಳು, ಕಾಡಿನ ವಿಷಯವನ್ನೂ ಸೇರಿಸಿ. 1980ರಲ್ಲಿ ‘ಕರ್ವಾಲೊ’ ಬಂತು. ಪದವಿಯ ವಿಷಯ ಅವರನ್ನು ಕಟ್ಟಿಹಾಕಲಿಲ್ಲ, ನಿಜ. ಆದರೆ ಅವರು ಎಂ.ಎ. ತನಕ ಓದಿದವರು, ಕುವೆಂಪು ಅವರ ಮಗ. ತೋಟದ ಲೈನ್ ಮನೆಯಿಂದ ಶಾಲೆಗೆ ಬರುವ ನಮ್ಮಂಥವರಿಗೆ ಶಿಫಾರಸು ಮಾಡುವವರಿಲ್ಲ, ಸ್ವಂತ ಜಮೀನೂ ಇಲ್ಲ. ನಮ್ಮ ಕೈಲಿರುವುದು ಅಂಕಪಟ್ಟಿ ಒಂದೇ. ಅದಕ್ಕೇ ನಮಗೆ ಅಂಕ ಹೆಚ್ಚು ಬೇಕು.

ಹಾಗಂತ ಕಡಿಮೆ ಬಂದವರು ಶಾಲೆ ಬಿಡಬಾರದು. ಫೇಲಾದರೂ ಅದೇ ವರ್ಷ ಮತ್ತೆ ಬರೆಯಬಹುದು. ಅಂಕ ಬಾಗಿಲು ತೆಗೆಯುತ್ತದೆ, ಒಳಗೆ ಹೋದ ಮೇಲೆ ನಮ್ಮನ್ನು ಉಳಿಸುವುದು ಕೆಲಸ. ಪಾಸಾಗದೆ ಮನೆಯಲ್ಲಿ ಕೂತಿರುವ ಗೆಳತಿ ನಿಮಗೂ ಇದ್ದರೆ, ಇದನ್ನು ಅವಳಿಗೆ ಓದಿ ಹೇಳಿ.

– 10ನೇ ತರಗತಿಯ ವಿದ್ಯಾರ್ಥಿನಿ