28ರಲ್ಲಿ ಮಾತಾಡಿದರೆ 17ರಲ್ಲೂ ದನಿ

ಮನೆಯಲ್ಲಿ ಕೈಯಾರೆ ಕಟ್ಟಿದ ರೇಡಿಯೋ ಟ್ರಾನ್ಸ್‌ಮಿಟರ್ ಮೊದಲ ಸಲ ದನಿ ಬಿಟ್ಟಾಗ ಕಟ್ಟಿದವರ ಕಿವಿಯೆಲ್ಲ ಒಂದೇ ಕಡೆ ಇರುತ್ತದೆ: ಎತ್ತಲಿಂದಾದರೂ ಉತ್ತರ ಬಂತೇ? ಬೇಡದ ಜಾಗದಲ್ಲೂ ಅದು ದನಿ ಬಿಡುತ್ತಿದೆಯೇ ಎಂದು ಹುಡುಕುವವರು ಕಡಿಮೆ. 2018ರಲ್ಲಿ ಹಾಗೆ ಹುಡುಕಿದವರ ಕೈಗೆ ಹೈದರಾಬಾದಿನ ಒಂದು ಬೋರ್ಡಿನ ದೋಷ ಸಿಕ್ಕಿತು. ಆ ದೋಷ ಎಲ್ಲಿ ಹುಟ್ಟುತ್ತಿತ್ತು, ಯಾವ ದಾರಿಯಲ್ಲಿ ಹೊರಗೆ ಬರುತ್ತಿತ್ತು ಎಂಬುದು ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಸೋಲ್ಡರಿಂಗ್ ಐರನ್ ಹಿಡಿಯುವ ಪ್ರತಿ ಹುಡುಗ ಹುಡುಗಿಗೂ ಗೊತ್ತಿರಬೇಕು ಎಂಬುದು ನನ್ನ ಆಸೆ.

ಹೈದರಾಬಾದ್ ನಮಗೆ ಹೊರಗಿನ ಊರಲ್ಲ. 1956ರವರೆಗೆ ನಮ್ಮ ರಾಯಚೂರು ಜಿಲ್ಲೆ ಇದ್ದದ್ದೇ ಹೈದರಾಬಾದ್ ರಾಜ್ಯದಲ್ಲಿ. ಎಲೆಕ್ಟ್ರಾನಿಕ್ಸ್ ಸಾಮಾನು ಬೇಕೆಂದರೆ ಒಂದು ದಿಕ್ಕಿಗೆ ಬೆಂಗಳೂರಿನ ಎಸ್‌ಪಿ ರೋಡು, ಇನ್ನೊಂದು ದಿಕ್ಕಿಗೆ ಹೈದರಾಬಾದಿನ ಕೋಠಿ. ಆ ಊರಿನ ಅಶ್ಹರ್ ಫರ್ಹಾನ್ ಹವ್ಯಾಸಿ ರೇಡಿಯೋದವರ, ಅಂದರೆ ಹ್ಯಾಮ್‌ಗಳ ನಡುವೆ ವಿಯು2ಇಎಸ್‌ಇ ಎಂಬ ಕರೆಸಂಕೇತದಿಂದ ಪರಿಚಿತರು. 2000ದ ದಶಕದ ಮೊದಲರ್ಧದಲ್ಲಿ ಅವರು ಬಿಟ್‌ಎಕ್ಸ್ ಎಂಬ ವಿನ್ಯಾಸ ಪ್ರಕಟಿಸಿದರು. 14 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ಸುಮಾರು 6 ವಾಟ್ ಶಕ್ತಿಯಲ್ಲಿ ಮಾತಾಡುವ, ಕೇಳುವ ಯಂತ್ರ ಅದು. ಅದರ ದೊಡ್ಡತನ ಇದ್ದದ್ದು ಸಾಮಾನಿನ ಪಟ್ಟಿಯಲ್ಲಿ. ಯಾವ ಊರಿನ ರೇಡಿಯೋ ರಿಪೇರಿ ಅಂಗಡಿಯಲ್ಲೂ ಸಿಗುವ ಬಿಸಿ547 ಟ್ರಾನ್ಸಿಸ್ಟರುಗಳು. ಕೊನೆಯ ಹಂತಕ್ಕೆ ಐಆರ್‌ಎಫ್510. ಅದು ರೇಡಿಯೋಗೆಂದು ಮಾಡಿದ್ದೇ ಅಲ್ಲ, ಕರೆಂಟನ್ನು ಆನ್-ಆಫ್ ಮಾಡಲು ಮಾಡಿದ ಅಗ್ಗದ ಮಾಸ್‌ಫೆಟ್. ಕಾಯಿಲ್ ಸುತ್ತಲು ವಿದೇಶಿ ಟೊರಾಯಿಡ್ ಸಿಗದಿದ್ದರೆ ನಲ್ಲಿಗೆ ಹಾಕುವ ನೈಲಾನ್ ವಾಶರ್! ಪಾತ್ರೆ ಅಂಗಡಿ ಪಕ್ಕದ ಹಾರ್ಡ್‌ವೇರ್ ಅಂಗಡಿಯಿಂದ ವಾಶರ್ ತಂದು ತಂತಿ ಸುತ್ತಿ ಖಂಡಾಂತರ ಮಾತಾಡಬಹುದು ಎಂದು ತೋರಿಸಿದ್ದು ಸಣ್ಣ ಕೆಲಸವಲ್ಲ. ಆ ವಿನ್ಯಾಸವನ್ನು ಯಾರು ಬೇಕಾದರೂ ಕಟ್ಟಬಹುದು, ತಿದ್ದಬಹುದು ಎಂದು ಬಿಟ್ಟುಕೊಟ್ಟಿದ್ದು ಅದಕ್ಕಿಂತ ದೊಡ್ಡದು.

2017ರ ಕೊನೆಗೆ ಅದರ ಮುಂದಿನ ಪೀಳಿಗೆ ಬಂತು: ಮೈಕ್ರೋಬಿಟ್‌ಎಕ್ಸ್. 3ರಿಂದ 30 ಮೆಗಾಹರ್ಟ್ಸ್ ವರೆಗೆ ಎಲ್ಲ ಹ್ಯಾಮ್ ಬ್ಯಾಂಡುಗಳೂ ಒಂದೇ ಬೋರ್ಡಿನಲ್ಲಿ. ಬೋರ್ಡು ಜೋಡಿಸಿಯೇ ಬರುತ್ತಿತ್ತು. ಪೆಟ್ಟಿಗೆ, ಮೈಕ್, ಗುಬುಟು, ಆಂಟೆನಾ ಕೊಂಡವರ ಪಾಲಿನ ಕೆಲಸ. ದೇಶದೇಶಗಳ ಹವ್ಯಾಸಿಗಳು ತರಿಸಿಕೊಂಡರು. ಕೆಲವರ ಮೇಜಿನ ಮೇಲೆ ಸ್ಪೆಕ್ಟ್ರಮ್ ಅನಲೈಸರ್ ಇತ್ತು. ಯಾವ ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟೆಷ್ಟು ಶಕ್ತಿ ಇದೆ ಎಂದು ಪರದೆಯ ಮೇಲೆ ಕಂಬಗಳಾಗಿ ತೋರಿಸುವ ಉಪಕರಣ ಅದು. 28 ಮೆಗಾಹರ್ಟ್ಸ್‌ನಲ್ಲಿ ಟ್ರಾನ್ಸ್‌ಮಿಟ್ ಮಾಡಿದರೆ 28ರಲ್ಲಿ ಒಂದು ಎತ್ತರದ ಕಂಬ ಕಾಣಬೇಕು, ಉಳಿದದ್ದು ನೆಲ ಹಿಡಿದಿರಬೇಕು. ಆದರೆ 17ರಲ್ಲಿ ಇನ್ನೊಂದು ಕಂಬ ಎದ್ದಿತ್ತು.

ಬೇಡದ ದನಿ ಎಂದರೆ ಹ್ಯಾಮ್‌ಗಳಿಗೆ ಮೊದಲು ನೆನಪಾಗುವುದು ಹಾರ್ಮಾನಿಕ್. 28ರ ಎರಡು ಪಟ್ಟು 56, ಮೂರು ಪಟ್ಟು 84. ಹಿಂದೆ 47ರಿಂದ 68 ಮೆಗಾಹರ್ಟ್ಸ್ ನಡುವೆ ದೂರದರ್ಶನ ಬರುತ್ತಿದ್ದ ಕಾಲದಲ್ಲಿ, 28ರಲ್ಲಿ ಮಾತಾಡುವ ಹ್ಯಾಮ್‌ನಿಂದ ಪಕ್ಕದ ಮನೆಯ ಟಿವಿಯಲ್ಲಿ ಗೆರೆ ಏಳುತ್ತಿದ್ದದ್ದು ಇದರಿಂದಲೇ. ಅದಕ್ಕೆ ಮದ್ದು ಗೊತ್ತಿದೆ: ಲೋಪಾಸ್ ಫಿಲ್ಟರ್. ಕೆಳಗಿನದನ್ನು ಬಿಟ್ಟು ಮೇಲಿನದನ್ನು ತಡೆಯುವ ಕಾಯಿಲು-ಕೆಪಾಸಿಟರುಗಳ ಸಾಲು. ಆದರೆ 17 ಎನ್ನುವುದು 28ರ ಯಾವ ಪಟ್ಟೂ ಅಲ್ಲ. ಮೇಲಾಗಿ ಅದು 28ಕ್ಕಿಂತ ಕೆಳಗಿದೆ. 30ರ ಕೆಳಗಿನದನ್ನೆಲ್ಲ ಬಿಡಬೇಕೆಂದೇ ಮಾಡಿದ ಫಿಲ್ಟರು 17ನ್ನು ಹೇಗೆ ತಡೆದೀತು? ಬಾಗಿಲಲ್ಲಿ ಎಷ್ಟು ಕಾವಲು ಹಾಕಿದರೂ ಪ್ರಯೋಜನವಿಲ್ಲ. ಅದು ಒಳಗೆ ಎಲ್ಲಿ ಹುಟ್ಟಿತು ಎಂದು ಹುಡುಕಬೇಕಾಗಿತ್ತು.

ಒಳಗಿನ ಲೆಕ್ಕ ನೋಡಿ. ಮೈಕಿನ ದನಿಯನ್ನು ಈ ಬೋರ್ಡು ನೇರ 28ಕ್ಕೆ ಏರಿಸುವುದಿಲ್ಲ. ಮೊದಲು 45 ಮೆಗಾಹರ್ಟ್ಸ್‌ಗೆ ಒಯ್ದು, ಅಲ್ಲಿ ಸೋಸಿ, ಸ್ವಲ್ಪ ಬಲ ಕೊಟ್ಟು, ಆಮೇಲೆ 73 ಮೆಗಾಹರ್ಟ್ಸ್‌ನ ಆಸಿಲೇಟರ್ ಜತೆ ಮಿಕ್ಸರಿನಲ್ಲಿ ಬೆರೆಸುತ್ತದೆ. 73ರಲ್ಲಿ 45 ಕಳೆದರೆ 28; ಬೇಕಾದದ್ದು ಅದೇ. ಈಗ ಬಲ ಕೊಡುವ ಆ ಆಂಪ್ಲಿಫೈಯರ್ ಸ್ವಲ್ಪ ತಿಣುಕಿದರೂ 45ರ ಜತೆಗೆ ಅದರ ಎರಡು ಪಟ್ಟು 90 ಸಹ ಹುಟ್ಟುತ್ತದೆ. ಅದೂ ಮಿಕ್ಸರಿಗೆ ನುಗ್ಗುತ್ತದೆ. 90ರಲ್ಲಿ 73 ಕಳೆಯಿರಿ: 17. 21 ಮೆಗಾಹರ್ಟ್ಸ್ ಬ್ಯಾಂಡಿಗೂ ಇದೇ ಕತೆ. ಅಲ್ಲಿ ಆಸಿಲೇಟರ್ 66. 90ರಲ್ಲಿ 66 ಹೋದರೆ 24. ಅದೂ ಫಿಲ್ಟರಿನ ಕಣ್ಣಿಗೆ ಒಳ್ಳೆಯ ಗಿರಾಕಿಯೇ. 14ಕ್ಕೆ ಬಂದರೆ 31 ಸಿಗುತ್ತದೆ, ಅದನ್ನು ಆ ಬ್ಯಾಂಡಿನ ಫಿಲ್ಟರು ತಡೆಯುತ್ತದೆ. ಹೀಗಾಗಿ ಈ ಕಾಟ ಮೇಲಿನ ಬ್ಯಾಂಡುಗಳಿಗೆ ಮಾತ್ರ.

ಈ ಜಾತಿಯ ದನಿಯ ಗುರುತು ತುಂಬ ಚಂದ ಇದೆ. ಟ್ಯೂನಿಂಗ್ ಗುಬುಟನ್ನು 28.0ಯಿಂದ 28.1ಕ್ಕೆ ಏರಿಸಿದರೆ ಹಾರ್ಮಾನಿಕ್ ಆಗಿದ್ದರೆ ಅದೂ ಏರಬೇಕು, 56.0 ಇದ್ದದ್ದು 56.2 ಆಗಬೇಕು. ಇದು ಮಾತ್ರ 17.0ಯಿಂದ 16.9ಕ್ಕೆ ಇಳಿಯುತ್ತದೆ. ನೀವು ಮೇಲೆ ಹೋದಷ್ಟು ಅದು ಕೆಳಗೆ. ಹಾಗೆ ತಿರುಗಾಮುರುಗಾ ಓಡಿತೆಂದರೆ, ಎಲ್ಲೋ ಒಂದು ಕಡೆ ನಿಂತ ಫ್ರೀಕ್ವೆನ್ಸಿಯಿಂದ ನಿಮ್ಮ ಆಸಿಲೇಟರನ್ನು ಕಳೆಯಲಾಗುತ್ತಿದೆ ಎಂದೇ ಅರ್ಥ. ಇನ್ನೊಂದು ಗುರುತು: ಮೈಕಿನ ಮಟ್ಟವನ್ನು 1 ಡೆಸಿಬೆಲ್ ತಗ್ಗಿಸಿದರೆ ಬೇಕಾದ ದನಿ 1 ಡೆಸಿಬೆಲ್ ತಗ್ಗುತ್ತದೆ, ಇದು ಸುಮಾರು 2 ತಗ್ಗುತ್ತದೆ. ಎರಡು ಪಟ್ಟಿನಿಂದ ಹುಟ್ಟಿದ್ದು ಎಂಬುದಕ್ಕೆ ಅದು ಸಾಕ್ಷಿ. ಕಾಗದ, ಪೆನ್ಸಿಲ್ ಮತ್ತು ಒಂದು ಗುಬುಟು ಇದ್ದರೆ ಹುಟ್ಟಿದ ಜಾಗವನ್ನು ಬೆರಳಿಟ್ಟು ತೋರಿಸಬಹುದು. ರೇಡಿಯೋ ವಿದ್ಯೆಯಲ್ಲಿ ನನಗೆ ಇದಕ್ಕಿಂತ ಇಷ್ಟವಾದ ಪತ್ತೇದಾರಿ ಇನ್ನೊಂದಿಲ್ಲ.

ಸಣ್ಣ ಸೋರಿಕೆ ತಾನೇ ಎನ್ನುವಂತಿಲ್ಲ. 16.36ರಿಂದ 17.41 ಮೆಗಾಹರ್ಟ್ಸ್ ವರೆಗಿನ ಜಾಗ ಸಮುದ್ರದ ಹಡಗುಗಳದ್ದು. ಸಿಂಧನೂರಿನ ಮಾಳಿಗೆಯಿಂದ 28ರಲ್ಲಿ ಬಿಟ್ಟ ಮಾತು, ಅಯಾನುಗೋಳಕ್ಕೆ ಬಡಿದು ಯಾವುದೋ ಕಡಲಿನ ನಾವಿಕನ ಕಿವಿಗೆ ಗದ್ದಲವಾಗಿ ಬೀಳಬಹುದು. ಅಮೆರಿಕದ ನಿಯಮದಲ್ಲಿ 30 ಮೆಗಾಹರ್ಟ್ಸ್ ಕೆಳಗಿನ ಹ್ಯಾಮ್ ಟ್ರಾನ್ಸ್‌ಮಿಟರಿನ ಇಂಥ ದನಿ, ಮೂಲ ಶಕ್ತಿಗಿಂತ ಕನಿಷ್ಠ 43 ಡೆಸಿಬೆಲ್ ಕೆಳಗಿರಬೇಕು. ಅಂದರೆ ಸುಮಾರು 20,000ದಲ್ಲಿ ಒಂದು ಪಾಲು. 10 ವಾಟಿಗೆ ಅರ್ಧ ಮಿಲಿವಾಟ್. ಆ ಗೆರೆಯನ್ನು ಬೋರ್ಡು ದಾಟಿತ್ತು.

ಕೆಳಗಿನ ಬ್ಯಾಂಡುಗಳಲ್ಲಿ ಬೇರೊಂದು ತೊಂದರೆ ಸಿಕ್ಕಿತು. ಅಲ್ಲಿ ಹಾರ್ಮಾನಿಕ್‌ಗಳೇ ಹೆಚ್ಚಾಗಿದ್ದವು. ಫಿಲ್ಟರಿನ ಲೆಕ್ಕ ಸರಿಯಾಗಿತ್ತು, ಕಾಯಿಲುಗಳೂ ಸರಿ. ತಪ್ಪು ಇದ್ದದ್ದು ಫಿಲ್ಟರುಗಳನ್ನು ಬದಲಿಸುವ ರಿಲೇಗಳಲ್ಲಿ. ಒಂದೇ ರಿಲೇಯ ಒಂದು ಬದಿಯಿಂದ ಫಿಲ್ಟರಿಗೆ ಒಳಹೋಗುವ ದಾರಿ, ಇನ್ನೊಂದು ಬದಿಯಿಂದ ಹೊರಬರುವ ದಾರಿ. ನಡುವೆ ಕೆಲವೇ ಮಿಲಿಮೀಟರ್. ತಂತಿ ತಾಗಿರಲಿಲ್ಲ, ಆದರೆ ರೇಡಿಯೋ ತರಂಗಕ್ಕೆ ತಾಗಲೇಬೇಕೆಂದಿಲ್ಲ, ಹತ್ತಿರ ಇದ್ದರೆ ಸಾಕು. ಫಿಲ್ಟರಿನೊಳಗೆ ಹೋಗದೆ ಅದು ರಿಲೇಯೊಳಗೇ ಜಿಗಿದು ಆಂಟೆನಾ ಸೇರುತ್ತಿತ್ತು. ಸರ್ಕ್ಯೂಟಿನ ಚಿತ್ರವನ್ನು ಎಷ್ಟು ಹೊತ್ತು ನೋಡಿದರೂ ಇದು ಕಾಣುವುದಿಲ್ಲ. ಚಿತ್ರದಲ್ಲಿ ಎರಡು ಗೆರೆಗಳ ನಡುವೆ ದೂರ ಇರುತ್ತದೆ, ಬೋರ್ಡಿನಲ್ಲಿ ಇರುವುದಿಲ್ಲ.

ಆಮೇಲೆ ನಡೆದದ್ದು ಬಹಳ ಸಂತೋಷದ ಸಂಗತಿ. ಯಾರೂ ಮುಚ್ಚಿಡಲಿಲ್ಲ. ಅಳೆದವರು ಅಳತೆ ಹಂಚಿಕೊಂಡರು. ಕೊಂಡವರು ಬೋರ್ಡಿನ ತಾಮ್ರದ ಗೆರೆ ಕತ್ತರಿಸಿ, ರಿಲೇ ಸೇರಿಸಿ, ತಮ್ಮ ತಮ್ಮ ಪರಿಹಾರ ಬರೆದರು. ಮುಂದಿನ ಆವೃತ್ತಿಯಲ್ಲಿ ರಿಲೇಗಳ ದಾರಿ ಬದಲಾಯಿತು, 45 ಮೆಗಾಹರ್ಟ್ಸ್ ಹಂತವೂ ಚೊಕ್ಕಟವಾಯಿತು. ವಿನ್ಯಾಸ ಎಲ್ಲರ ಕಣ್ಣಿಗೆ ತೆರೆದಿದ್ದರಿಂದಲೇ ದೋಷವೂ ಎಲ್ಲರ ಕಣ್ಣಿಗೆ ಬಿತ್ತು.

ನಮ್ಮ ಕಡೆ ಸ್ಪೆಕ್ಟ್ರಮ್ ಅನಲೈಸರ್ ಎಲ್ಲಿಂದ ತರೋಣ ಎಂದು ಕೇಳಬಹುದು. ಬೇಕಿಲ್ಲ. ಮೊದಲು ಬೇಕಾದದ್ದು ಡಮ್ಮಿ ಲೋಡ್. 1 ಕಿಲೋಓಮ್, 1 ವಾಟಿನ 20 ರೆಸಿಸ್ಟರುಗಳನ್ನು ಪ್ಯಾರಲಲ್ ಆಗಿ ಬೆಸೆದರೆ 50 ಓಮ್, 20 ವಾಟ್ ತಾಳುವ ಲೋಡ್ ಆಯಿತು. ವೈರ್‌ವೌಂಡ್ ರೆಸಿಸ್ಟರ್ ಮಾತ್ರ ಬೇಡ. ಅದರೊಳಗೆ ಇರುವುದೇ ಸುರುಳಿ, ರೇಡಿಯೋ ತರಂಗದ ಮಟ್ಟಿಗೆ ಅದು ಕಾಯಿಲು. ಆಂಟೆನಾ ತೆಗೆದು ಇದನ್ನು ಹಾಕಿದರೆ ದನಿ ಮನೆಯಾಚೆ ಹೋಗುವುದಿಲ್ಲ, ಎಷ್ಟು ಬೇಕಾದರೂ ಪರೀಕ್ಷಿಸಬಹುದು. ಪಕ್ಕದ ಕೋಣೆಯಲ್ಲಿ ಒಂದು ಶಾರ್ಟ್‌ವೇವ್ ರಿಸೀವರ್ ಇಟ್ಟು ಹುಡುಕಬಹುದು. ಅಲ್ಲೂ ಒಂದು ಎಚ್ಚರಿಕೆ: ತೀರ ಹತ್ತಿರದ ಬಲವಾದ ದನಿಗೆ ರಿಸೀವರೇ ತಬ್ಬಿಬ್ಬಾಗಿ ಇಲ್ಲದ ದನಿಗಳನ್ನು ತನ್ನೊಳಗೇ ಹುಟ್ಟಿಸಿಕೊಳ್ಳುತ್ತದೆ. ಅದರ ಆಂಟೆನಾಕ್ಕೆ 10 ಡೆಸಿಬೆಲ್ ಅಟೆನ್ಯುಯೇಟರ್ ಹಾಕಿ. ಕೇಳಿದ ದನಿ 10 ಡೆಸಿಬೆಲ್ ತಗ್ಗಿದರೆ ಅದು ನಿಜ; ಅದಕ್ಕಿಂತ ಬಹಳ ಹೆಚ್ಚು ತಗ್ಗಿದರೆ ದೋಷ ರಿಸೀವರಿನದು.

ಡಮ್ಮಿ ಲೋಡ್ ನೆರೆಹೊರೆಯ ಜಗಳವನ್ನೂ ಬಗೆಹರಿಸುತ್ತದೆ. 7 ಮೆಗಾಹರ್ಟ್ಸ್‌ನಲ್ಲಿ ಮಾತಾಡುವಾಗ ಓಣಿಯವರು ಬಂದು, “ಸರ, ನಮ್ಮ ಗುಡಿ ಮೈಕ್‌ನ್ಯಾಗ ಯಾರೋ ಗೊಗ್ಗರು ದನಿಲೆ ಮಾತಾಡಾಕತ್ತಾರ” ಎಂದರು ಎಂದಿಟ್ಟುಕೊಳ್ಳಿ. ಲೋಡ್ ಹಾಕಿದ ಮೇಲೂ ಗೊಗ್ಗರು ದನಿ ಬಂದರೆ ಸೋರಿಕೆ ನಿಮ್ಮ ಪೆಟ್ಟಿಗೆಯಿಂದ ಅಥವಾ ಮನೆಯ ಕರೆಂಟಿನ ತಂತಿಯಿಂದ. ನಿಂತರೆ ದಾರಿ ಆಂಟೆನಾ ಕಡೆಯದು. 7ರ ಕಾಲು ತರಂಗದ ಉದ್ದ ಸುಮಾರು 10 ಮೀಟರ್. ಹಾರ್ನ್ ಸ್ಪೀಕರಿನ ತಂತಿ ಗುಡಿಯಿಂದ ಕಂಬಕ್ಕೆ ಅಷ್ಟು ದೂರ ಹೋಗಿಯೇ ಇರುತ್ತದೆ. ತಾನು ಆಂಟೆನಾ ಎಂದು ಅದಕ್ಕೆ ಗೊತ್ತಿಲ್ಲ, ಕೆಲಸ ಮಾತ್ರ ಅದೇ. ಅಲ್ಲಿಂದ ಆಂಪ್ಲಿಫೈಯರಿನ ಟ್ರಾನ್ಸಿಸ್ಟರಿಗೆ ಹೊಕ್ಕ ತರಂಗವನ್ನು ಅದರ ಜಂಕ್ಷನ್ನು ಡಯೋಡಿನಂತೆ ದನಿಯಾಗಿ ಬಿಡಿಸುತ್ತದೆ. ಇಲ್ಲಿ ನಿಮ್ಮ ಟ್ರಾನ್ಸ್‌ಮಿಟರಿನ ತಪ್ಪಿಲ್ಲದಿರಬಹುದು. ಆದರೂ ಒಂದು ಫೆರೈಟ್ ರಿಂಗ್ ಒಯ್ದು ಆ ತಂತಿಯನ್ನು ಅದರಲ್ಲಿ ಹತ್ತು ಸುತ್ತು ಸುತ್ತಿಕೊಡುವುದು ಹ್ಯಾಮ್‌ನ ಧರ್ಮ. ನಿಮ್ಮ ಆಂಟೆನಾಕ್ಕೆ ಹೋಗುವ ಕೇಬಲ್ಲಿನ ಬುಡದಲ್ಲೂ ಅಂಥದೊಂದು ಚೋಕ್ ಇರಲಿ. ಇಲ್ಲದಿದ್ದರೆ ಕೇಬಲ್ಲಿನ ಹೊರಮೈ ಮೇಲೆ ತರಂಗ ವಾಪಸು ಹರಿದು ಮೈಕಿಗೇ ನುಗ್ಗುತ್ತದೆ.

ಇದುವರೆಗಿನದು ಹೊರಹೋಗುವ ದನಿಯ ಮಾತು. ಒಳಬರುವ ಗದ್ದಲದ ಪತ್ತೆಗೆ ನಮ್ಮ ಕಡೆ ಒಳ್ಳೆಯ ಸಾಧನ ಗಡಿಯಾರ. ಪಂಪ್‌ಸೆಟ್ಟಿಗೆ ತ್ರೀಫೇಸ್ ಬರುವ ಹೊತ್ತಿಗೆ ಸರಿಯಾಗಿ ರಿಸೀವರಿನಲ್ಲಿ ಗರಗರ ಶುರುವಾಗಿ, ಹೋದಾಗ ನಿಂತರೆ ಇನ್ನೇನು ಹುಡುಕಬೇಕು? ಹೊತ್ತು ಮುಳುಗಿದ ಮೇಲೆ ಶುರುವಾದರೆ ಎಲ್‌ಇಡಿ ದೀಪ, ಬಿಸಿಲಿನಲ್ಲಿ ಮಾತ್ರ ಇದ್ದರೆ ಸೋಲಾರ್ ಇನ್ವರ್ಟರ್ ಕಡೆ ನೋಡಿ.

ಗಡಿಯಾರ ನೋಡಿಯೇ ಕಾರ್ಲ್ ಜಾನ್ಸ್ಕಿ ಅಮೆರಿಕದ ನ್ಯೂಜರ್ಸಿಯಲ್ಲಿ ಒಂದು ದೊಡ್ಡ ಗುಟ್ಟು ಹಿಡಿದರು. ಬೆಲ್ ಪ್ರಯೋಗಾಲಯದವರು ಅವರಿಗೆ ಕೊಟ್ಟ ಕೆಲಸ, ಕಡಲಾಚೆಯ ರೇಡಿಯೋ ಟೆಲಿಫೋನಿಗೆ ಅಡ್ಡಬರುವ ಗದ್ದಲದ ಮೂಲ ಹುಡುಕುವುದು. ಫೋರ್ಡ್ ಕಾರಿನ ಗಾಲಿಗಳ ಮೇಲೆ ತಿರುಗುವ ಆಂಟೆನಾ ಕಟ್ಟಿ 20.5 ಮೆಗಾಹರ್ಟ್ಸ್‌ನಲ್ಲಿ ಕೇಳಿದರು. ಹತ್ತಿರದ ಸಿಡಿಲು, ದೂರದ ಸಿಡಿಲು ಬಿಟ್ಟು ಒಂದು ಸಣ್ಣ ಹಿಸ್ಸೆನ್ನುವ ಸದ್ದು ಉಳಿಯಿತು. ಅದು 24 ಗಂಟೆಗಲ್ಲ, 23 ಗಂಟೆ 56 ನಿಮಿಷಕ್ಕೆ ಮರಳುತ್ತಿತ್ತು. ಅದು ನಕ್ಷತ್ರಗಳ ದಿನ. 1933ರಲ್ಲಿ ಅವರು ಹೇಳಿದರು: ಈ ಗದ್ದಲ ಆಕಾಶಗಂಗೆಯಿಂದ ಬರುತ್ತಿದೆ. ರೇಡಿಯೋ ಖಗೋಳವಿಜ್ಞಾನ ಹುಟ್ಟಿದ್ದು ಹಾಗೆ. ಒಂದನ್ನು ಹುಡುಕಲು ಹೋಗಿ ಇನ್ನೊಂದು ಸಿಗುವುದು ಮಸ್ಕಿಯವರಿಗೆ ಹೊಸದಲ್ಲ. 1915ರಲ್ಲಿ ಚಿನ್ನ ಹುಡುಕುತ್ತ ಬಂದ ಗಣಿ ಎಂಜಿನಿಯರ್ ಬೀಡನ್ ಅವರಿಗೆ ಅಲ್ಲಿನ ಬಂಡೆಯ ಮೇಲೆ ಸಿಕ್ಕಿದ್ದು ಅಶೋಕನ ಹೆಸರಿದ್ದ ಶಾಸನ.

ಕೊನೆಗೆ ಕಾಲೇಜು ಹುಡುಗ ಹುಡುಗಿಯರಿಗೆ ಒಂದು ಮಾತು. ಕೇಳುವುದನ್ನು ಇವತ್ತೇ ಶುರು ಮಾಡಿ. ಟ್ರಾನ್ಸ್‌ಮಿಟ್ ಮಾಡಲು ಕೇಂದ್ರ ಸರ್ಕಾರದ ಪರೀಕ್ಷೆ ಪಾಸಾಗಿ ಪರವಾನಗಿ ಪಡೆಯಲೇಬೇಕು. ಅದು ಕೈಗೆ ಬರುವವರೆಗೆ ಆ ಗುಂಡಿ ಒತ್ತಬೇಡಿ. ಆಂಟೆನಾಕ್ಕಿಂತ ಮೊದಲು ಡಮ್ಮಿ ಲೋಡ್ ಕಟ್ಟಿ. 28ರಲ್ಲಿ ಮಾತಾಡಿ, ಪಕ್ಕದ ಕೋಣೆಯಲ್ಲಿ ಗೆಳೆಯರನ್ನು 17ರಲ್ಲಿ, 56ರಲ್ಲಿ ಕೇಳಲು ಕೂಡಿಸಿ. ಅವರಿಗೆ ಏನೂ ಕೇಳಿಸದಿದ್ದರೆ ಆಮೇಲೆ ಮಾಳಿಗೆಗೆ ಹತ್ತಿ ತಂತಿ ಕಟ್ಟಿ.