ಮೈ ಉಜ್ಜಿದರೆ ಬರುವ ಬತ್ತಿ

ಎಣ್ಣೆಸ್ನಾನದ ದಿನ ಹದವಾದ ಬಿಸಿನೀರು ಹುಯ್ದುಕೊಂಡು, ಮುಂಗೈಯನ್ನು ಹೆಬ್ಬೆರಳಿನಿಂದ ಒತ್ತಿ ಉಜ್ಜಿ ನೋಡಿ. ಬೂದುಬಣ್ಣದ ಸಣ್ಣ ಸಣ್ಣ ಬತ್ತಿಗಳು ಸುರುಳಿ ಸುತ್ತಿಕೊಂಡು ಉದುರುತ್ತವೆ. ‘ದಿನಾ ಸ್ನಾನ ಮಾಡಿದರೂ ಇಷ್ಟೊಂದು ಕೊಳೆ ಎಲ್ಲಿಂದ ಬರುತ್ತದೆ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಅದರಲ್ಲಿ ಕೊಳೆ ಇರುವುದು ಸ್ವಲ್ಪವೇ. ಬಹುಪಾಲು ಸತ್ತ ಚರ್ಮಕೋಶಗಳು. ಗೌರಿ ತನ್ನ ಮೈಮಣ್ಣಿನಿಂದ ಗಣಪನನ್ನು ಮಾಡಿದಳೆಂಬ ಕಥೆ ಕೇಳಿದಾಗಲೆಲ್ಲ ನನಗೆ ಈ ಬತ್ತಿಗಳೇ ಕಣ್ಣ ಮುಂದೆ ಬರುತ್ತವೆ.

ಹೊರಚರ್ಮದ ತಳದಲ್ಲಿ ಆಕರಕೋಶಗಳಿವೆ, ಸ್ಟೆಮ್ ಸೆಲ್ ಎನ್ನುತ್ತಾರಲ್ಲ, ಅವೇ. ಅವು ಒಡೆದು ಎರಡಾಗುತ್ತ ಹೊಸ ಕೋಶಗಳನ್ನು ಮೇಲಕ್ಕೆ ಕಳಿಸುತ್ತವೆ. ಸುಮಾರು ನಾಲ್ಕಾರು ವಾರಗಳಲ್ಲಿ ಆ ಕೋಶಗಳು ಕೆರಾಟಿನ್ ತುಂಬಿಕೊಂಡು, ಚಪ್ಪಟೆಯಾಗಿ, ಸತ್ತು ಉದುರುತ್ತವೆ. ಇಷ್ಟು ಶಾಲೆಯ ಪಾಠದಲ್ಲೇ ಇದೆ. ಆದರೆ ಮೇಲೇರಲು ಹೊರಟ ಕೋಶಕ್ಕೆ ‘ಇನ್ನು ಒಡೆದದ್ದು ಸಾಕು’ ಎಂದು ಹೇಳುವವರು ಯಾರು? ನನ್ನನ್ನು ಬೆರಗುಗೊಳಿಸಿದ್ದು ಇದಕ್ಕೆ ಸಿಕ್ಕ ಉತ್ತರ.

ತಳದ ಕೋಶಗಳು ಒಡೆಯುತ್ತಲೇ ಇರಲು ಪಿ63 ಎಂಬ ಪ್ರೋಟೀನು ಬೇಕು. ಅದರ ಜೀನನ್ನು ತೆಗೆದುಹಾಕಿದರೆ ಇಲಿಮರಿಗಳು ಹೊರಚರ್ಮವೇ ಬೆಳೆಯದೆ ಹುಟ್ಟಿ, ಮೈನೀರು ಆರಿ ಸಾಯುತ್ತವೆಂದು 1999ರಲ್ಲಿ ಗೊತ್ತಾಯಿತು. ಅಂಥ ಪಿ63 ತಳ ದಾಟಿದೊಡನೆ ಇಳಿದುಹೋಗುತ್ತದೆ. ಅದನ್ನು ಅಡಗಿಸುವುದು ಮಿರ್-203 ಎಂಬ ಮೈಕ್ರೋಆರ್‌ಎನ್‌ಎ, ಅಂದರೆ ಆರ್‌ಎನ್‌ಎಯ ಪುಟ್ಟ ತುಣುಕು. ಉದ್ದ ಬರೀ 22 ಅಕ್ಷರ! ಪಿ63 ತಯಾರಿಸಿ ಎಂದು ಜೀನಿನಿಂದ ಹೊರಟ ಆರ್‌ಎನ್‌ಎ ಓಲೆಯ ಬಾಲಕ್ಕೆ ಇದು ಹೋಗಿ ಅಂಟಿಕೊಳ್ಳುತ್ತದೆ. ಆ ಓಲೆ ಮುಂದೆ ಪ್ರೋಟೀನಾಗುವುದಿಲ್ಲ.

ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಎಲೈನ್ ಫ್ಯೂಕ್ಸ್ ಅವರ ತಂಡ 2008ರಲ್ಲಿ ಇದನ್ನು ಇಲಿಗಳಲ್ಲಿ ತೋರಿಸಿತು. ಮಿರ್-203 ತಳದ ಪದರದಲ್ಲೇ ಅವಧಿಗೆ ಮೊದಲು ಹುಟ್ಟುವಂತೆ ಮಾಡಿದಾಗ ಆಕರಕೋಶಗಳ ಒಡೆಯುವ ಶಕ್ತಿ ಕುಗ್ಗಿ ಚರ್ಮ ತೆಳ್ಳಗಾಯಿತು. ಅದನ್ನು ತಡೆದಾಗ ಮೇಲೇರಿದ ಕೋಶಗಳೂ ಒಡೆಯುತ್ತಲೇ ಇದ್ದವು. ಇಂಥ ತುಣುಕುಗಳು ಮೊದಲು ಕಂಡದ್ದು ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ, 1993ರಲ್ಲಿ. ಕಂಡುಹಿಡಿದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕನ್ ಅವರಿಗೆ 2024ರ ನೊಬೆಲ್ ಬಂತು.

ಈಗ ಮೈ ಉಜ್ಜುವುದರ ಬಗ್ಗೆ ಒಂದು ತಕರಾರು. ಎಳೆಗೂಸಿಗೆ ಕಡಲೆಹಿಟ್ಟು ಹಚ್ಚಿ, ಮೈ ಕೆಂಪೇರುವ ತನಕ ತಿಕ್ಕಿದರೆ ‘ಬಣ್ಣ ಬಿಡುತ್ತದೆ’ ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಇನ್ನೂ ಇದೆ. ನಾನು ಕಣ್ಣಾರೆ ಕಂಡಿದ್ದೇನೆ. ಮಗು ಕಿರುಚುತ್ತಿದ್ದರೂ ಕೈ ನಿಲ್ಲುವುದಿಲ್ಲ. ಇದು ಶುದ್ಧ ಮೌಢ್ಯ. ಬಣ್ಣ ಕೊಡುವ ಮೆಲನಿನ್ ತಯಾರಾಗುವುದು ಹೊರಚರ್ಮದ ತಳದಲ್ಲಿ. ಹಿಟ್ಟು ಅಲ್ಲಿಗೆ ಮುಟ್ಟುವುದೇ ಇಲ್ಲ. ಉದುರಬೇಕಾದ ಕೋಶಗಳು ಹೊತ್ತಿಗೆ ಸರಿಯಾಗಿ ತಾವೇ ಉದುರುತ್ತವೆ. ಕೂಸಿನ ಮೈಗೆ ಬೆಚ್ಚನೆ ನೀರು, ಮೆತ್ತನೆ ಕೈ ಸಾಕು. ದಯವಿಟ್ಟು ತಿಕ್ಕಬೇಡಿ.