ದೂರು ಸಂಖ್ಯೆ 532633

2010ರ ಮಾರ್ಚ್‌ನಲ್ಲಿ ಉಬುಂಟು ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ದೋಷಗಳ ದಾಖಲೆಗೆ ಈ ಸಂಖ್ಯೆಯ ದೂರೊಂದು ಸೇರಿತು. ಕಂಪ್ಯೂಟರ್ ಕೆಟ್ಟು ನಿಂತಿತೆಂದೋ ಬರೆದ ಕಡತ ಕಾಣೆಯಾಯಿತೆಂದೋ ಅಲ್ಲಿ ಯಾರೂ ಗೋಳಾಡಿರಲಿಲ್ಲ. ವಿಂಡೋದ ನೆತ್ತಿಯ ಮೇಲೆ ಮುಚ್ಚಲು, ಹಿಗ್ಗಿಸಲು, ಕೆಳಗಿಳಿಸಲು ಇರುವ ಮೂರು ಪುಟ್ಟ ಬಟನ್‌ಗಳನ್ನು ಬಲಗಡೆಯಿಂದ ಎಡಗಡೆಗೆ ಸಾಗಿಸಿದ್ದೀರಿ, ದಯವಿಟ್ಟು ಮೊದಲಿನ ಜಾಗದಲ್ಲೇ ಇಡಿ ಎಂಬುದಷ್ಟೇ ಅಹವಾಲು. ಅದರ ಕೆಳಗೆ ಜನ ಬರೆದೇ ಬರೆದರು. ವರ್ಷಗಟ್ಟಲೆ ಕೈಗೆ ರೂಢಿಯಾದ ಚಲನೆಯನ್ನು ಕೆಡಿಸಿದಿರಿ ಎಂದವರುಂಟು, ಆಪಲ್‌ನ ನಕಲು ಹೊಡೆದಿರಿ ಎಂದು ಜರೆದವರುಂಟು.

ದುಡ್ಡು ಕೊಟ್ಟು ಕೊಂಡ ಗಿರಾಕಿಗಳಲ್ಲ ಇವರು. ಆಗಿನ್ನೂ ಉಬುಂಟು ಸಿ.ಡಿ.ಗಳು ಪುಕ್ಕಟೆಯಾಗಿ ಅಂಚೆಯಲ್ಲಿ ಮನೆಬಾಗಿಲಿಗೆ ಬರುತ್ತಿದ್ದ ಕಾಲ. ಆ ಸೇವೆ ನಿಂತದ್ದು 2011ರಲ್ಲಿ. ಪುಕ್ಕಟೆ ಬಂದದ್ದರ ಮೇಲೆ ಇಷ್ಟು ಸಿಟ್ಟೇಕೆ ಎಂದು ಹೊರಗಿನವರಿಗೆ ಅನ್ನಿಸಿದರೆ ತಪ್ಪಿಲ್ಲ. ಒಳಗಿನ ಲೆಕ್ಕ ಬೇರೆ ಇತ್ತು. ಯಾರೋ ಅನುವಾದ ಮಾಡಿದ್ದರು, ಯಾರೋ ರಾತ್ರಿ ಕೂತು ದೋಷ ಹುಡುಕಿ ಕೊಟ್ಟಿದ್ದರು, ಯಾರೋ ಊರಿನ ಕಾಲೇಜಿಗೆ ಹೋಗಿ ಹುಡುಗರ ಕಂಪ್ಯೂಟರ್‌ಗಳಿಗೆ ಅದನ್ನು ಹಾಕಿಕೊಟ್ಟು ಬಂದಿದ್ದರು. ಕೂಲಿಯಿಲ್ಲದೆ ದುಡಿದವನಿಗೆ ಮಾತಾಡುವ ಹಕ್ಕಾದರೂ ಇರಬೇಕಲ್ಲ!

ಉಬುಂಟುವಿನ ಹಿಂದಿದ್ದ ಕೆನಾನಿಕಲ್ ಕಂಪನಿಯ ಮಾಲೀಕ ಮಾರ್ಕ್ ಶಟಲ್‌ವರ್ತ್ ದಕ್ಷಿಣ ಆಫ್ರಿಕಾದವರು. ತಮ್ಮ ಮೊದಲ ಕಂಪನಿಯನ್ನು ಮಾರಿದ ಹಣದಲ್ಲಿ 2002ರಲ್ಲಿ ಬಾಹ್ಯಾಕಾಶಕ್ಕೂ ಹೋಗಿಬಂದ ಆಸಾಮಿ. ಉಬುಂಟು ಬಳಗದಲ್ಲಿ ಅವರಿಗಿದ್ದ ಬಿರುದು ‘ತನ್ನನ್ನು ತಾನೇ ನೇಮಿಸಿಕೊಂಡ ದಯಾಳು ಸರ್ವಾಧಿಕಾರಿ’. ಅದು ತಮಾಷೆಯ ಬಿರುದೆಂದೇ ಎಲ್ಲರೂ ನಂಬಿದ್ದರು. ದೂರಿಗೆ ಅವರೇ ಉತ್ತರಿಸಿದರು. ಇದು ಪ್ರಜಾಪ್ರಭುತ್ವವಲ್ಲ, ಒಳ್ಳೆಯ ಸಲಹೆ ಮತ್ತು ಮಾಹಿತಿಗೆ ಸ್ವಾಗತವಿದೆ, ಆದರೆ ವಿನ್ಯಾಸವನ್ನು ಮತ ಹಾಕಿ ತೀರ್ಮಾನಿಸುವುದಿಲ್ಲ ಎಂಬುದು ಅದರ ಸಾರಾಂಶ. ಬಿರುದಿನಲ್ಲಿ ತಮಾಷೆ ಎಷ್ಟು, ನಿಜ ಎಷ್ಟು ಎಂಬುದು ಅಂದು ಗೊತ್ತಾಯಿತು.

ಬಲಗಡೆಯ ಜಾಗ ಖಾಲಿ ಬೇಕು, ಅಲ್ಲಿ ಮುಂದೆ ಹೊಸದೇನನ್ನೋ ಕೂರಿಸಲಿದ್ದೇವೆ ಎಂಬುದು ಅವರ ವಾದ. ಏಪ್ರಿಲ್ 29ರಂದು 10.04 ಆವೃತ್ತಿ ಹೊರಬಂತು. 2004ರಿಂದ ಇದ್ದ ಮಣ್ಣಿನ ಕಂದು ಬಣ್ಣ ಹೋಗಿ ಬದನೆಕಾಯಿ ಬಣ್ಣ ಬಂದಿತ್ತು, ಬಟನ್‌ಗಳು ಎಡಗಡೆಯೇ ಇದ್ದವು. ಗದ್ದಲದಿಂದ ಗಿಟ್ಟಿದ್ದು ಒಂದೇ. ಪ್ರಯೋಗದ ಆವೃತ್ತಿಯಲ್ಲಿ ಮೂರರ ಪೈಕಿ ಕೊನೆಯದಾಗಿದ್ದ ‘ಮುಚ್ಚು’ ಬಟನ್ ಈಗ ಅಂಚಿಗೆ, ಮೊದಲ ಸ್ಥಾನಕ್ಕೆ ಬಂದಿತ್ತು. ಬಲಗಡೆ ಬರಬೇಕಿದ್ದ ಆ ಹೊಸದು ಮಾತ್ರ ಬಾರಲೇ ಇಲ್ಲ. ಖಾಲಿ ಜಾಗ ಖಾಲಿಯಾಗಿಯೇ ಇತ್ತು. 2017ರ ಅಕ್ಟೋಬರ್‌ನಲ್ಲಿ, 17.10 ಆವೃತ್ತಿಯಲ್ಲಿ, ಬಟನ್‌ಗಳು ತಣ್ಣಗೆ ಬಲಕ್ಕೆ ಮರಳಿದವು. ಆ ಏಳು ವರ್ಷಕ್ಕೆ ಯಾರೂ ಲೆಕ್ಕ ಒಪ್ಪಿಸಲಿಲ್ಲ.

ಬೇಡದವರು ಒಂದು ಸಾಲಿನ ಆದೇಶ ಕೊಟ್ಟು ಬಟನ್‌ಗಳನ್ನು ಬಲಕ್ಕೆ ಎಳೆದುಕೊಳ್ಳಬಹುದಿತ್ತು, ಬಹಳ ಜನ ಎಳೆದುಕೊಂಡರು ಕೂಡ. ಹಾಗಾದರೆ ಜಗಳ ಯಾತಕ್ಕೆ? ಡಿಫಾಲ್ಟ್‌ಗಾಗಿ. ಹೊಸಬ ಕಂಪ್ಯೂಟರ್ ತೆರೆದಾಗ ಮೊದಲು ಏನು ಕಾಣಬೇಕು ಎಂಬುದನ್ನು ಯಾರು ತೀರ್ಮಾನಿಸುತ್ತಾರೆ ಎಂಬುದಕ್ಕಾಗಿ. ಲಿನಕ್ಸ್ ಡೆಸ್ಕ್‌ಟಾಪಿನ ಚರಿತ್ರೆಯಲ್ಲಿ ಈ ತಕರಾರು ಹಳೆಯದು. 2002ರಲ್ಲಿ ರೆಡ್ ಹ್ಯಾಟ್ ಕಂಪನಿಯವರು ಗ್ನೋಮ್ ಮತ್ತು ಕೆಡಿಇ ಎಂಬ ಎರಡು ಪ್ರತಿಸ್ಪರ್ಧಿ ಡೆಸ್ಕ್‌ಟಾಪ್‌ಗಳಿಗೆ ಒಂದೇ ಬಗೆಯ ವೇಷ ತೊಡಿಸಿದಾಗ ಕೆಡಿಇ ಕಡೆಯವರು ಕೆರಳಿದರು, ರೆಡ್ ಹ್ಯಾಟ್‌ನಲ್ಲೇ ಇದ್ದ ಒಬ್ಬ ಕೆಡಿಇ ಡೆವಲಪರ್ ಕೆಲಸ ಬಿಟ್ಟು ಹೋದರು. ಗ್ನೋಮ್‌ನವರು ಆಯ್ಕೆಗಳನ್ನೆಲ್ಲ ಕಿತ್ತುಹಾಕುತ್ತಿದ್ದಾರೆಂದು ರೇಗಿ, ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ ಅವರೇ 2005ರಲ್ಲಿ, ಕೆಡಿಇ ಬಳಸಿ ಎಂದು ಜನರಿಗೆ ಬಹಿರಂಗವಾಗಿ ಹೇಳಿದ್ದುಂಟು.

ಬಟನ್‌ಗಳ ಕಥೆ ಹೇಳುವವರು ಬಹಳ. ನನ್ನ ಆಸಕ್ತಿ ಅದಕ್ಕಿಂತ ಕಡಿಮೆ ಸದ್ದು ಮಾಡಿದ, ಆದರೆ ಹೆಚ್ಚು ದೂರ ಸಾಗಿದ ಇನ್ನೊಂದು ತಕರಾರಿನಲ್ಲಿದೆ: ಪರದೆಯ ಮೇಲಿನ ಅಕ್ಷರ.

ಲಿನಕ್ಸ್‌ಗೆ ತನ್ನದೆನ್ನುವ ಅಕ್ಷರವೇ ಇರಲಿಲ್ಲ. ಚುಕ್ಕಿ ಜೋಡಿಸಿ ಮಾಡಿದ ಹಳೆಯ ಹೆಲ್ವೆಟಿಕಾ, ಟೈಮ್ಸ್ ಇದ್ದವು. ಗಾತ್ರ ಹಿಗ್ಗಿಸಿದರೆ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತಿದ್ದವು. 1996ರಲ್ಲಿ ಮೈಕ್ರೋಸಾಫ್ಟ್ ತನ್ನ ಏರಿಯಲ್, ವರ್ಡಾನಾ, ಜಾರ್ಜಿಯಾ ಮುಂತಾದ ಫಾಂಟ್‌ಗಳನ್ನು ಎಲ್ಲರಿಗೂ ಇಳಿಸಿಕೊಳ್ಳಲು ಬಿಟ್ಟಾಗ ಲಿನಕ್ಸ್‌ನವರೂ ಅದಕ್ಕೇ ಕೈಯೊಡ್ಡಿದರು. ಷರತ್ತು ವಿಚಿತ್ರವಾಗಿತ್ತು. ಮೂಲ ಕಟ್ಟನ್ನು ಬಿಚ್ಚದೆ ಹಾಗೆಯೇ ಹಂಚಬಹುದು, ಬಿಚ್ಚಿ ಹಂಚುವಂತಿಲ್ಲ. ಆದ್ದರಿಂದ ಈ ಫಾಂಟ್‌ಗಳಿಗಾಗಿ ಲಿನಕ್ಸ್‌ನವರು ಕಟ್ಟಿದ ಪ್ಯಾಕೇಜಿನೊಳಗೆ ಒಂದಕ್ಷರವೂ ಇರುತ್ತಿರಲಿಲ್ಲ. ಬಳಸುವವರ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ಮೂಲ ಕಟ್ಟನ್ನು ತರಿಸಿ, ಅವರ ಮನೆಯಲ್ಲೇ ಬಿಚ್ಚುವ ಸೂಚನೆಗಳಷ್ಟೇ ಇರುತ್ತಿದ್ದವು. ಎದುರಾಳಿಯ ಕಾರ್ಖಾನೆಯ ಅಕ್ಷರ ತೊಟ್ಟು ಸ್ವಾತಂತ್ರ್ಯದ ಮಾತಾಡುವುದು ಮುಜುಗರದ ಸಂಗತಿಯೇ. 2002ರ ಆಗಸ್ಟಿನಲ್ಲಿ ಮೈಕ್ರೋಸಾಫ್ಟ್ ಆ ಯೋಜನೆಗೆ ತೆರೆ ಎಳೆಯಿತು.

ಮರುವರ್ಷ ಜನವರಿಯಲ್ಲಿ ಗ್ನೋಮ್ ಪ್ರತಿಷ್ಠಾನ ಮತ್ತು ಅಮೆರಿಕದ ಬಿಟ್‌ಸ್ಟ್ರೀಮ್ ಎಂಬ ಅಕ್ಷರ ಕಂಪನಿ ಒಟ್ಟಿಗೆ ಒಂದು ಘೋಷಣೆ ಮಾಡಿದವು. ಜಿಮ್ ಲೈಲ್ಸ್ ವಿನ್ಯಾಸದ ‘ವೆರಾ’ ಎಂಬ ಹತ್ತು ಫಾಂಟ್‌ಗಳು ಇನ್ನು ಮುಂದೆ ಮುಕ್ತ. ಅಗಲ ಮೈ, ದೊಡ್ಡ ಕಣ್ಣು, ಚಿಕ್ಕ ಗಾತ್ರದಲ್ಲೂ ತಡವರಿಸದ ಓದು. ಇಂದಿಗೂ ಹಳೆಯ ಸ್ಕ್ರೀನ್‌ಶಾಟ್‌ಗಳಲ್ಲಿ ಅದನ್ನು ಕಂಡರೆ ನನಗೆ ಖುಷಿಯಾಗುತ್ತದೆ. ಪರವಾನಗಿಯಲ್ಲಿ ಎರಡು ಷರತ್ತುಗಳಿದ್ದವು. ಫಾಂಟನ್ನಷ್ಟೇ ಪ್ರತ್ಯೇಕವಾಗಿ ಮಾರುವಂತಿಲ್ಲ, ತಂತ್ರಾಂಶದ ಜೊತೆ ಕೊಡಬಹುದು. ಎರಡನೆಯದು, ಅಕ್ಷರಗಳನ್ನು ತಿದ್ದಬಹುದು, ಹೊಸದು ಸೇರಿಸಬಹುದು, ಆದರೆ ತಿದ್ದಿದ್ದಕ್ಕೆ ‘ವೆರಾ’ ಎಂಬ ಹೆಸರಿಡುವಂತಿಲ್ಲ.

ಈ ಎರಡನೆಯ ಷರತ್ತೇ ಮುಂದಿನ ಕಥೆಯ ಬೀಜ. ವೆರಾದಲ್ಲಿ ಇದ್ದದ್ದು ಮುಖ್ಯವಾಗಿ ಪಶ್ಚಿಮ ಯುರೋಪಿಗೆ ಬೇಕಾದ ಅಕ್ಷರ. ಅತ್ತ ಜೆಕ್, ಪೋಲಿಷ್ ಭಾಷೆಗಳಿಗೆ ನೆತ್ತಿಯ ಮೇಲೆ ಕೊಕ್ಕೆ, ಬಾಲ ಇರುವ ಅಕ್ಷರಗಳು ಬೇಕು. ಗ್ರೀಕ್, ರಷ್ಯನ್ ಮಾತಂತೂ ದೂರವೇ ಉಳಿಯಿತು. ಕಂಪನಿಗೆ ಅರ್ಜಿ ಹಾಕಿ ಕಾಯುವ ಬದಲು ಷ್ಟೆಪಾನ್ ರೋಹ್ ಎಂಬ ಜೆಕ್ ಸ್ವಯಂಸೇವಕರು 2004ರಲ್ಲಿ ತಮಗೆ ಬೇಕಾದದ್ದನ್ನು ತಾವೇ ಸೇರಿಸಿ, ಷರತ್ತಿನಂತೆ ಹೆಸರು ಬದಲಿಸಿದರು: ‘ದೇಜಾವು’. ಬೇರೆ ಬೇರೆ ಕಡೆ ಇದೇ ಕೆಲಸಕ್ಕೆ ಇಳಿದಿದ್ದವರು ಒಬ್ಬೊಬ್ಬರಾಗಿ ಅದಕ್ಕೇ ಬಂದು ಕೂಡಿಕೊಂಡರು. ಸಿರಿಲಿಕ್, ಗ್ರೀಕ್, ಅರಬ್ಬಿ, ಹೀಬ್ರೂ, ಆರ್ಮೇನಿಯನ್, ಜಾರ್ಜಿಯನ್, ಲಾವೊ. ಗಣಿತದ ಚಿಹ್ನೆಗಳು, ಬ್ರೈಲ್ ಚುಕ್ಕೆಗಳು, ಚದುರಂಗದ ಕಾಯಿಗಳು, ಚೀನಾದ ಹಳೆಯ ಕಣಿಶಾಸ್ತ್ರದ ಗೆರೆಗಳು. ವರ್ಷಗಳ ಕಾಲ ಲಿನಕ್ಸ್ ಎಂದರೆ ದೇಜಾವು ಎಂಬಷ್ಟು ಅದು ಹರಡಿತು. ಕೊನೆಯ ಆವೃತ್ತಿ ಬಂದದ್ದು 2016ರಲ್ಲಿ.

ಇಷ್ಟಾದರೂ ಅಕ್ಷರ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ ಎಂಬ ಗೊಣಗಾಟ ತಪ್ಪಲಿಲ್ಲ. ತಪ್ಪು ಅಕ್ಷರದ್ದಲ್ಲ, ಕಾನೂನಿನದು. ಟ್ರೂಟೈಪ್ ಎಂಬ ಬಗೆಯ ಫಾಂಟಿನೊಳಗೆ, ಚಿಕ್ಕ ಗಾತ್ರದಲ್ಲಿ ಯಾವ ಗೆರೆ ಯಾವ ಚುಕ್ಕಿಗೆ ಅಂಟಿಕೊಳ್ಳಬೇಕು ಎಂಬ ಸೂಚನೆಗಳಿರುತ್ತವೆ. ಅವನ್ನು ಓದಿ ನಡೆಸುವ ವಿಧಾನದ ಪೇಟೆಂಟ್ ಆಪಲ್ ಕೈಯಲ್ಲಿತ್ತು. ಹೀಗಾಗಿ ಲಿನಕ್ಸ್‌ನಲ್ಲಿ ಅಕ್ಷರ ಮೂಡಿಸುವ ಫ್ರೀಟೈಪ್ ತಂತ್ರಾಂಶ ಆ ಭಾಗವನ್ನು ಮುಚ್ಚಿಟ್ಟು, ತನ್ನದೇ ಊಹೆಯಲ್ಲಿ ಗೆರೆ ಕೂರಿಸುತ್ತಿತ್ತು. 2010ರ ಮೇ ತಿಂಗಳಲ್ಲಿ ಪೇಟೆಂಟ್‌ಗಳ ಅವಧಿ ಮುಗಿಯಿತು, ಜುಲೈನಲ್ಲಿ ಬಂದ ಫ್ರೀಟೈಪ್ 2.4 ಮುಚ್ಚಿದ್ದನ್ನು ತೆರೆಯಿತು. ಅಷ್ಟು ಹೊತ್ತಿಗೆ ಎಲ್ಲರಿಗೂ ಹೊಸ ಅಕ್ಷರದ ಚಪಲ ಹತ್ತಿತ್ತು!

ಉಬುಂಟು ಲಂಡನ್ನಿನ ಡಾಲ್ಟನ್ ಮಾಗ್ ಸಂಸ್ಥೆಗೆ ಹಣ ಕೊಟ್ಟು ತನ್ನದೇ ಫಾಂಟ್ ಬರೆಸಿಕೊಂಡಿತು. 2010ರ ಅಕ್ಟೋಬರ್ 10ರಂದು, 10.10 ಆವೃತ್ತಿಯೊಡನೆ ಅದು ಡಿಫಾಲ್ಟ್ ಆಯಿತು. ಸುಂದರವಾಗಿದೆ, ನಿಜ. ಆದರೆ ಅದಕ್ಕೆಂದೇ ಬರೆದ ಪರವಾನಗಿ ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್ ಬಳಗದವರಿಗೆ ಒಪ್ಪಿಗೆಯಾಗಲಿಲ್ಲ, ಅವರು ಆ ಫಾಂಟನ್ನು ‘ಮುಕ್ತವಲ್ಲದ’ ಕಪಾಟಿನಲ್ಲಿಟ್ಟರು. ಉಬುಂಟುವಿಗೆ ತಾಯಿಬೇರು ಡೆಬಿಯನ್ನೇ ಎಂಬುದನ್ನು ನೆನೆದರೆ ಇದರ ರುಚಿ ಹೆಚ್ಚುತ್ತದೆ.

ಗ್ನೋಮ್ ಬೇರೆ ದಾರಿ ಹಿಡಿಯಿತು. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದಲ್ಲಿ ಅಕ್ಷರ ವಿನ್ಯಾಸದ ಎಂ.ಎ. ಓದುತ್ತಿದ್ದ ಡೇವ್ ಕ್ರಾಸ್‌ಲ್ಯಾಂಡ್ ಕೋರ್ಸಿನ ಭಾಗವಾಗಿ ಬರೆದ ‘ಕ್ಯಾಂಟರೆಲ್’ ಅನ್ನು ಆರಿಸಿಕೊಂಡಿತು. ವಿದ್ಯಾರ್ಥಿಯೊಬ್ಬನ ಮನೆಪಾಠ 2011ರ ಏಪ್ರಿಲ್‌ನಲ್ಲಿ ಗ್ನೋಮ್ 3ರ ಮುಖವಾಯಿತು. ದುಂಡು ದುಂಡಾಗಿದೆ, ಮಬ್ಬಾಗಿದೆ, ಅಕ್ಷರಗಳು ಸಾಲಲ್ಲಿ ನೆಟ್ಟಗೆ ಕೂರುವುದಿಲ್ಲ ಎಂಬ ಟೀಕೆಗಳ ಸುರಿಮಳೆ. ಟೀಕಿಸಿದವರ ಕಣ್ಣು ಸುಳ್ಳು ಹೇಳಿರಲಿಲ್ಲ. ಆದರೆ ಇಲ್ಲಿ ಶಟಲ್‌ವರ್ತ್ ಇರಲಿಲ್ಲ, ಇದ್ದದ್ದು ತಿದ್ದುವವರು. ನಮ್ಮ ದೇಶದ ಪೂಜಾ ಸಕ್ಸೇನಾ ಇಂಟರ್ನ್ ಆಗಿ ಬಂದು ಅದರ ಮೇಲೆ ದುಡಿದರು. ಜಾಕುಬ್ ಸ್ಟೈನರ್ ಪೋಷಿಸಿದರು. ಆಮೇಲೆ ನಿಕೋಲಾಸ್ ವಾಕ್ಸ್‌ವೈಲರ್ ಮತ್ತೆ ಹದಗೊಳಿಸಿದರು. ಅಡೋಬಿ 2013ರಲ್ಲಿ ಫ್ರೀಟೈಪ್‌ಗೆ ತನ್ನ ಅಕ್ಷರ ಮೂಡಿಸುವ ತಂತ್ರವನ್ನು ಕೊಟ್ಟದ್ದರಿಂದ ಮಬ್ಬೂ ಬಹುಮಟ್ಟಿಗೆ ಸರಿದುಹೋಯಿತು. ಹದಿನಾಲ್ಕು ವರ್ಷ ಬಾಳಿದ ಕ್ಯಾಂಟರೆಲ್ 2025ರ ಮಾರ್ಚ್‌ನಲ್ಲಿ, ಗ್ನೋಮ್ 48ರಲ್ಲಿ ಜಾಗ ಬಿಟ್ಟುಕೊಟ್ಟಿತು. ಅದರ ಜಾಗಕ್ಕೆ ಬಂದ ‘ಅದ್ವೈತ ಸ್ಯಾನ್ಸ್’ ಹೆಸರಿಗೆ ನಮ್ಮದು, ಮೈ ರಾಸ್ಮುಸ್ ಆಂಡರ್ಸನ್ ಅವರ ‘ಇಂಟರ್’ ಫಾಂಟಿನದು. ಇಂಟರ್ ಒಳ್ಳೆಯ ಅಕ್ಷರ. ಯಾವ ಆ್ಯಪ್ ತೆರೆದರೂ ಅದರದೇ ದರ್ಶನ, ಅದೇ ನನ್ನ ಬೇಸರ. ವಿದ್ಯಾರ್ಥಿಯ ಕೈಬರಹದ ಕುಂದುಕೊರತೆಗಳಲ್ಲಿ ಒಂದು ಊರಿನ ಗುರುತಿತ್ತು.

ಕೆಡಿಇ ಕಥೆ ದುಃಖದ್ದು. ಅದಕ್ಕಾಗಿ ‘ಆಕ್ಸಿಜನ್’ ಫಾಂಟ್ ಬರೆದವರು ವೆರ್ನನ್ ಆಡಮ್ಸ್, ಹತ್ತಾರು ಮುಕ್ತ ಫಾಂಟ್‌ಗಳ ಕರ್ತೃ. 2014ರಲ್ಲಿ ಅಪಘಾತಕ್ಕೀಡಾಗಿ 2016ರಲ್ಲಿ ತೀರಿಕೊಂಡರು. ಅಪಘಾತದ ಬಳಿಕ ಮುಂದುವರಿಸುವ ಕೈ ಇಲ್ಲದಾದ ಅಕ್ಷರವನ್ನು ಬಿಟ್ಟು ಕೆಡಿಇ ಗೂಗಲ್‌ನ ‘ನೋಟೋ’ಗೆ ಹೋಯಿತು.

ಈ ಮಹಾಭಾರತದಲ್ಲಿ ಕನ್ನಡ ಎಲ್ಲಿತ್ತು? ದೇಜಾವುವಿನಲ್ಲಿ ಚದುರಂಗದ ಕುದುರೆಗೆ ಜಾಗವಿದೆ, ‘ಅ’ಗೆ ಇಲ್ಲ. ಕ್ಯಾಂಟರೆಲ್‌ನಲ್ಲೂ ಇಲ್ಲ, ಉಬುಂಟು ಫಾಂಟಿನಲ್ಲೂ ಇಲ್ಲ, ಅದ್ವೈತದಲ್ಲೂ ಇಲ್ಲ. ಇದಕ್ಕೆ ಯಾರನ್ನೂ ದೂರುವಂತಿಲ್ಲ, ಬೇಕಾದವರು ಬರೆದು ಕೊಡಬೇಕು ಎಂಬುದೇ ಅಲ್ಲಿನ ರಿವಾಜು. ಫಾಂಟಿನಲ್ಲಿ ಕನ್ನಡ ಸಿಗದಿದ್ದಾಗ ‘ಫಾಂಟ್‌ಕಾನ್ಫಿಗ್’ ಎಂಬ ವ್ಯವಸ್ಥೆ ಬೇರೆ ಫಾಂಟಿನಿಂದ ಅಕ್ಷರ ಎರವಲು ತರುತ್ತದೆ. ಎಲ್ಲಿಂದ ತರಬೇಕು ಎಂಬ ಪಟ್ಟಿಯಿರುವ ಕಡತಗಳಲ್ಲೊಂದರ ಹೆಸರು ‘65-ನಾನ್‌ಲ್ಯಾಟಿನ್’. ಒಂದೂವರೆ ಸಾವಿರ ವರ್ಷದ ಶಾಸನಗಳ ಲಿಪಿಗೆ ಸಿಕ್ಕ ವಿಳಾಸ ಅದು.

ಎರವಲಿನ ಅಕ್ಷರಗಳಿಗೇನೂ ಬರವಿರಲಿಲ್ಲ. ಡೆಬಿಯನ್‌ನ ಕನ್ನಡ ಕಟ್ಟಿನಲ್ಲಿ ಮೊದಲು ಕೇದಗೆ, ಮಲ್ಲಿಗೆ ಎಂಬ ಹೂಗಳ ಹೆಸರಿನವು ಇದ್ದವು, ಬಳಿಕ ಗುಬ್ಬಿ, ನವಿಲು ಎಂಬ ಹಕ್ಕಿಗಳು ಬಂದವು. ರೆಡ್ ಹ್ಯಾಟ್ 2004ರಲ್ಲಿ ಕೊಟ್ಟ ಲೋಹಿತ್ ಇತ್ತು. ತೊಡಕು ಬೇರೆಡೆ. ಮೆನುವಿನ ಸಾಲಿನ ಎತ್ತರ ಎಷ್ಟೋ ಕಡೆ ನಿಗದಿಯಾಗುವುದು ಲ್ಯಾಟಿನ್ ಅಕ್ಷರದ ಅಳತೆಯಲ್ಲಿ. ನಮ್ಮ ಒತ್ತಕ್ಷರಗಳೋ ಸಾಲಿನ ಕೆಳಗೆ ಇಳಿಯುವ ಜಾತಿ. ‘ಮುಚ್ಚು’ ಎಂಬ ಬಟನ್ನಿನಲ್ಲಿ ‘ಚ’ದ ಒತ್ತು ಅರ್ಧ ಕತ್ತರಿಸಿಹೋದರೆ ಉಳಿಯುವುದು ‘ಮುಚು’. ‘ರಾಷ್ಟ್ರ’ದಂಥ ಎರಡೊತ್ತಿನ ಪದಗಳ ಪಾಡು ಹೇಳುವುದೇ ಬೇಡ. ಇಂಗ್ಲಿಷಿನ ಪಕ್ಕ ಕನ್ನಡ ಚಿಕ್ಕದಾಗಿ, ತೆಳ್ಳಗೆ ಕಾಣುವ ಗೋಳು ಇನ್ನೊಂದು.

ಇದಕ್ಕಾಗಿ 532633ರಂಥ ಒಂದು ಗದ್ದಲ ನಮ್ಮಿಂದ ಏಳಲಿಲ್ಲವಲ್ಲ ಎಂಬುದು ನನ್ನ ಹಳೆಯ ಕಿರಿಕಿರಿ. ನಾವು ಜಗಳವಾಡದ ಜನವೇನಲ್ಲ. ‘ಬರಹ’ ತಂತ್ರಾಂಶವೋ ‘ನುಡಿ’ ತಂತ್ರಾಂಶವೋ ಎಂದು, ಕೀಲಿಮಣೆಯಲ್ಲಿ ಯಾವ ಅಕ್ಷರ ಎಲ್ಲಿರಬೇಕೆಂದು ವರ್ಷಾನುಗಟ್ಟಲೆ ಕಾದಾಡಿದವರು. ಆ ಕಾವೆಲ್ಲ ಅಕ್ಷರವನ್ನು ಒಳಗೆ ಹಾಕುವ ದಾರಿಗೇ ಖರ್ಚಾಯಿತು. ಪರದೆಯ ಮೇಲೆ ಅದು ಕಾಣುವ ಬಗೆಗೆ ಮಿಕ್ಕಲಿಲ್ಲ. ಕೆಡಿಇ ನೋಟೋಗೆ ಹೋದಾಗ, ಅದೇ ಮನೆತನದ ಕನ್ನಡ ಫಾಂಟ್ ಇದ್ದುದರಿಂದ ಅಲ್ಲಿ ಎರಡು ಲಿಪಿಗಳೂ ಸರಿಜೋಡಿಯಾಗಿ ಕೂತವು. ಅದು ನಮ್ಮ ಹೋರಾಟದ ಫಲವಲ್ಲ, ಆಡಮ್ಸ್ ಅಪಘಾತಕ್ಕೀಡಾದ ಮೇಲೆ ಅವರ ಅಕ್ಷರಕ್ಕೆ ವಾರಸುದಾರರಿಲ್ಲದೆ ಹೋದದ್ದರ ಫಲ.

ಗ್ನೋಮ್‌ನವರ ದೋಷಪಟ್ಟಿ ತೆರೆದೇ ಇದೆ. ಖಾತೆ ತೆರೆಯಲು ಕಾಸಿಲ್ಲ. ಒತ್ತು ಕತ್ತರಿಸಿಹೋದ ಪರದೆಯ ಒಂದು ಚಿತ್ರ, ಜೊತೆಗೆ ನಾಲ್ಕು ಸಾಲು ಇಂಗ್ಲಿಷ್ ಸಾಕು. ಆರು ತಿಂಗಳಿಗೊಮ್ಮೆ, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಹೊಸ ಆವೃತ್ತಿ ಬರುತ್ತದೆ. ಅದಕ್ಕಿಂತ ಸಾಕಷ್ಟು ಮೊದಲೇ ಬರೆದು ಹಾಕುವುದು ಮೇಲು.